ಮೂರನೆಯ ಪ್ರಕಟಣೆ

ಕೆಂಪು ಮಖಮಲ್ಲಿನ ಆ ಕುರ್ಚಿ ನಮ್ಮ ಕ್ರೈಸ್ತ ದೇವಾಲಯದ ಒಳಕೋಣೆಯಿಂದ ಹೊರಗೆ ಬಂತೆಂದರೆ ಊರಿಗೆ ಚುನಾವಣೆ ಬಂತೆಂದೇ ಅರ್ಥ. ಬರುವವನು ಯಾವ ಪಕ್ಷದವನೆಂದು ನಮ್ಮ ಸಭಾ ಸಮಿತಿ ಕೇಳುತ್ತಿರಲಿಲ್ಲ. ಧೂಳು ಒರೆಸಿ, ವೇದಿಯ ಪಕ್ಕದಲ್ಲೇ ಅದನ್ನು ಇಡುತ್ತಿದ್ದರು. ಬಂದವನು ಅದರ ಮೇಲೆ ಕೂತು, ಕಾಂಪೌಂಡ್ ಗೋಡೆ ಕಟ್ಟಿಸಿಕೊಡುತ್ತೇನೆಂದು ಹೇಳಿ, ಶಾಲು ಹೊದಿಸಿಕೊಂಡು ಹೋಗುತ್ತಿದ್ದ. ಆ ಗೋಡೆ ಇಂದಿಗೂ ಎದ್ದಿಲ್ಲ.

ಕಾಲಿನಿಂದ ತುಳಿಯುವ ಹಾರ್ಮೋನಿಯಂ ನುಡಿಸುವುದು ನನ್ನ ಕೆಲಸವಾಗಿತ್ತು. ಅದನ್ನು ಸಭೆಗೆ ಮುಖಮಾಡಿ ಇಟ್ಟಿದ್ದರಿಂದ ಯಾರು ಎಲ್ಲಿ ಕೂರುತ್ತಾರೆಂಬುದು ನನಗೆ ಬಾಯಿಪಾಠವಾಗಿತ್ತು. ಮುಂದಿನ ಬೆಂಚುಗಳಲ್ಲಿ ನಾವು, ಅಂದರೆ ಹಳೆಯ ಮನೆತನದವರು. ಬಾಗಿಲ ಹತ್ತಿರದ ಬೆಂಚುಗಳಲ್ಲಿ ಕೆಳಗಿನ ಓಣಿಯವರು. ಹಾಗೆ ಕೂರಬೇಕೆಂದು ಯಾರೂ ಹೇಳಿರಲಿಲ್ಲ. ಕೇಳಿದರೆ ಗಾಳಿಯ ಸಲುವಾಗಿ ಅಲ್ಲಿ ಕೂರುತ್ತಾರೆ ಎನ್ನುತ್ತಿದ್ದರು. ಮೂರು ತಲೆಮಾರಿನಿಂದ ಒಂದೇ ಓಣಿಯವರಿಗೆ ಮಾತ್ರ ಗಾಳಿ ಬೇಕಾಗಿತ್ತು!

ಆ ವರ್ಷ ನನ್ನ ಅಣ್ಣ ಸತ್ಯಮಿತ್ರನ ಮಗಳು ದೀನಾ ಕೆಳಗಿನ ಓಣಿಯ ತಿಮೊಥಿಯನ್ನು ಮದುವೆಯಾಗುತ್ತೇನೆಂದಳು. ತಿಮೊಥಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಅಣ್ಣ ಸಭೆಯ ಹಿರಿಯ, ಸಮಿತಿಯಲ್ಲಿ ಅವನದೇ ಕೊನೆಯ ಮಾತು. ಕೂಗಾಡುತ್ತಾನೆಂದು ನಾನು ಕಾದಿದ್ದೆ. ಅವನು "ದೇವರ ಚಿತ್ತ" ಎಂದುಬಿಟ್ಟ. ಸಂತೋಷದಿಂದ ನನಗೆ ಕಣ್ಣೀರು ಬಂತು.

ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಆರಾಧನೆಯಲ್ಲಿ ವಧೂವರರ ಹೆಸರು ಓದಿ, ಯಾರಿಗಾದರೂ ಆಕ್ಷೇಪಣೆ ಇದ್ದರೆ ತಿಳಿಸಿರೆಂದು ಕೇಳುತ್ತಾರೆ. ಒಂದು ವಾರ ತಪ್ಪಿದರೂ ಮತ್ತೆ ಮೊದಲಿನಿಂದ ಓದಬೇಕು. ದೀನಾಳ ಎರಡು ಪ್ರಕಟಣೆಗಳು ಸುಸೂತ್ರವಾಗಿ ಆದವು. ಮೂರನೆಯದು ಆ ಭಾನುವಾರ, ಮದುವೆ ಮಂಗಳವಾರ. ಬುಧವಾರದಿಂದ ಶ್ರಮದ ದಿನಗಳು, ಯೇಸುವಿನ ಕಷ್ಟಗಳನ್ನು ನೆನೆಯುವ ಉಪವಾಸದ ಕಾಲ. ಆಮೇಲೆ ಈಸ್ಟರ್ ಹಬ್ಬದವರೆಗೆ ನಮ್ಮಲ್ಲಿ ಮದುವೆ ಇಲ್ಲ. ಓಣಿಯಲ್ಲಿ ತಿಮೊಥಿಯ ತಾಯಿ ದಾನಮ್ಮ ಆಗಲೇ ಹಂದರ ಹಾಕಿಸಿದ್ದಳು. ಅಣ್ಣನ ಮನೆಯ ಮುಂದೆ ಒಂದು ಗಳವೂ ನಿಂತಿರಲಿಲ್ಲ. ಜಿಪುಣತನ ಎಂದುಕೊಂಡು ಸುಮ್ಮನಾಗಿದ್ದೆ.

ಭಾನುವಾರ ಬೆಳಿಗ್ಗೆ ಹೋದರೆ ಕೆಂಪು ಕುರ್ಚಿ ವೇದಿಯ ಪಕ್ಕ ಕೂತಿತ್ತು. ನನಗೆ ಮೈಯೆಲ್ಲ ಉರಿಯಿತು. ಒಳಕೋಣೆಯಲ್ಲಿ ಸಭಾಪಾಲಕರು, ಅಂದರೆ ನಮ್ಮ ಪಾದ್ರಿಗಳು, ನಿಲುವಂಗಿ ತೊಡುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಯಾರು ಜೋರಾಗಿ ಮಾತಾಡುತ್ತಾರೋ ಅವರ ಮಾತು ಕೇಳುವವರು.

"ಅಕ್ಕಾರ, ಇವತ್ತ ಕ್ಯಾಂಡಿಡೇಟ್ ಸಾಹೇಬ್ರು ಮಾತಾಡ್ತಾರ. ಅವರದು ಮುಗದ ಕೂಡಲೆ ಕಡೀ ಹಾಡು ಹಚ್ಚಿಬಿಡ್ರಿ" ಎಂದರು.

"ಪ್ರಕಟಣೆ ಯಾವಾಗ್ರಿ ಅಯ್ಯನವರ?"

ಅವರು ನಿಲುವಂಗಿಯ ಗುಂಡಿಯನ್ನು ತಪ್ಪು ತೂತಿಗೆ ಹಾಕಿಕೊಂಡರು. "ಇವತ್ತ ಟೈಮ್ ಸಾಲೂದಿಲ್ಲರಿ. ಹಿರ್‍ಯಾರನ್ನ ಕೇಳೇನಿ. ಅವರ ಬಿಡ್ರಿ ಅಂದಾರ."

ಹಿರಿಯರು ಬಾಗಿಲಲ್ಲೇ ನಿಂತಿದ್ದರು, ಶಾಲು ಹಿಡಿದುಕೊಂಡು.

"ಅಣ್ಣಾ, ಹೂಂ ಅಂದಾವ ನೀನ. ಈಗೇನಾತು?"

"ಗಡಿಬಿಡಿ ಯಾಕ? ಈಸ್ಟರ್ ಆದಮ್ಯಾಲ ನೋಡೂಣು. ಅಷ್ಟರಾಗ ನಮ್ಮ ಪೈಕಿ ಒಂದು ಹುಡುಗ ಬಂದು ದೀನಾನ್ನ ನೋಡಿ ಹೋಗ್ತಾನ. ನೋಡಿದ್ರೇನು ತಪ್ಪು?"

"ತಿಮೊಥಿ ಏನ್ ಮಾಡ್ಯಾನ?"

"ಏನೂ ಮಾಡಿಲ್ಲ. ಹುಡುಗ ಚೊಲೊ ಅದಾನ. ಆದ್ರ ಅವರು ಬ್ಯಾರೆ, ನಾವು ಬ್ಯಾರೆ. ನಿನಗ ತಿಳಿಯೂದಿಲ್ಲೇನು?"

"ತಿಳಿಯೂದಿಲ್ಲ. ಬಾಯಿ ಬಿಟ್ಟು ಹೇಳು."

ಅಣ್ಣ ಶಿಲುಬೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಇಲ್ಲೆ ಬ್ಯಾಡ. ದೇವರ ಮನಿ ಇದು."

ಇದೇ ಅಣ್ಣ, ಹಿಂದಿನ ತಿಂಗಳು ಕ್ರೈಸ್ತರೆಂಬ ಕಾರಣಕ್ಕೆ ನಮ್ಮವರೊಬ್ಬರಿಗೆ ಊರಲ್ಲಿ ಬಾಡಿಗೆ ಮನೆ ಕೊಡಲಿಲ್ಲವೆಂದು ಸಭೆ ಕರೆದು, "ನಾವೇನು ಮನುಷ್ಯಾರಲ್ಲೇನ್ರಿ?" ಎಂದು ಮೇಜು ಗುದ್ದಿದ್ದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ನಮ್ಮ ಸಭೆಯಲ್ಲಿ ಯಾರೂ ಯಾವುದಕ್ಕೂ ಎದ್ದು ನಿಂತು ಆಕ್ಷೇಪಣೆ ಮಾಡುವುದಿಲ್ಲ. ಓದುವುದನ್ನೇ ನಿಲ್ಲಿಸಿಬಿಟ್ಟರೆ ಆಕ್ಷೇಪಣೆಯ ತೊಂದರೆಯೇ ಇಲ್ಲವಲ್ಲ.

ಆರಾಧನೆ ನಡೆಯಿತು. ಆಳುವವರಿಗಾಗಿ ಪ್ರಾರ್ಥಿಸಿದೆವು, ಆಳಲು ಹೊರಟವರು ಕುರ್ಚಿಯಲ್ಲಿ ಕಣ್ಣು ತೆರೆದುಕೊಂಡೇ ಕೂತಿದ್ದರು. ಆಮೇಲೆ ಅವರು ಮೈಕಿನ ಮುಂದೆ ಬಂದರು.

"ನಿಮ್ಮೊಳಗ ಮ್ಯಾಲಿನವ್ರು ಕೆಳಗಿನವ್ರು ಅನ್ನೂದ ಇಲ್ಲ. ಎಲ್ಲಾರೂ ಒಂದ ಬಟ್ಟಲದಾಗ ಪ್ರಭುಭೋಜನದ ದ್ರಾಕ್ಷಾರಸ ಕುಡೀತೀರಿ. ನಿಮ್ಮನ್ನ ನೋಡಿ ನಾವು ಕಲೀಬೇಕ್ರಿ!"

ಮುಂದಿನ ಬೆಂಚುಗಳು ಚಪ್ಪಾಳೆ ತಟ್ಟಿದವು. ಗಂಡಸರ ಕಡೆ ಬಾಗಿಲ ಬಳಿ ತಿಮೊಥಿ ತಲೆ ತಗ್ಗಿಸಿಕೊಂಡಿದ್ದ. ಹೆಂಗಸರ ಕಡೆ ದೀನಾ ನನ್ನನ್ನೇ ನೋಡುತ್ತಿದ್ದಳು. ಪ್ರಕಟಣೆಯ ಹೊತ್ತು ಮೀರಿಹೋದದ್ದು ಅವಳಿಗೂ ಗೊತ್ತಾಗಿತ್ತು. ಸಭಾಪಾಲಕರು ಕಡೆಯ ಹಾಡಿನ ಸಂಖ್ಯೆ ಹೇಳಿದರು. ನನ್ನ ಕೈ ಮಡಿಲಲ್ಲೇ ಉಳಿಯಿತು. ಮತ್ತೊಮ್ಮೆ ಹೇಳಿದರು.

"ಪ್ರಕಟಣೆ ಆಗಿಲ್ಲರಿ ಅಯ್ಯನವರ" ಎಂದೆ. ಮೈಕು ಹತ್ತಿರವೇ ಇತ್ತು. ನನ್ನ ದನಿ ಬಾಗಿಲವರೆಗೂ ಕೇಳಿಸಿತು.

ಸಭಾಪಾಲಕರು ಅಣ್ಣನನ್ನು ನೋಡಿದರು, ಅತಿಥಿಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಆ ಹೊತ್ತಿನಲ್ಲಿ ಜೋರಾಗಿ ಮಾತಾಡಿದವಳು ನಾನೊಬ್ಬಳೇ. ಅವರು ಓದಿದರು. "ಈ ವಿವಾಹಕ್ಕೆ ಯಾರಿಗಾದರೂ ಆಕ್ಷೇಪಣೆ ಇದ್ದರೆ ಈಗ ತಿಳಿಸಬೇಕು. ಇದು ಮೂರನೆಯ ಸಾರಿ ಕೇಳುತ್ತಿರುವುದು."

ಅಣ್ಣ ಎದ್ದು ನಿಂತ.

ದಾನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಣ್ಣನ ಬಾಯಿ ತೆರೆಯಿತು, ಮುಚ್ಚಿತು. ಹೇಳುವುದಕ್ಕೆ ಅವನಿಗೆ ಇದ್ದದ್ದು ಒಂದೇ ಮಾತು. ಆ ಮಾತನ್ನು ಅಲ್ಲಿ ಆಡಬಾರದೆಂದು ಅವನೇ ಹೇಳಿದ್ದ. ಕೆಂಪು ಕುರ್ಚಿಯಲ್ಲಿದ್ದವರು ಪಾಪ, ಸಹಾಯ ಮಾಡಲು ಮುಂದೆ ಬಾಗಿದರು.

"ಏನ್ರಿ ಹಿರ್‍ಯಾರ, ಏನರ ತೊಂದ್ರಿ ಐತೇನು?"

"ಇಲ್ಲರಿ" ಎಂದ ಅಣ್ಣ. ಆದರೆ ಕೂರಲಿಲ್ಲ.

"ಹಂಗಾದ್ರ ಪ್ರಕಟಣೆ ಪೂರ್ತಿ ಆತು" ಎಂದು ಸಭಾಪಾಲಕರು ಹಣೆ ಒರೆಸಿಕೊಂಡರು. ಅಣ್ಣ ನಿಂತೇ ಇದ್ದ. ಇಡೀ ಸಭೆ ಅವನನ್ನೇ ನೋಡುತ್ತಿತ್ತು. ಇನ್ನಷ್ಟು ಹೊತ್ತು ನಿಲ್ಲಲಿ, ಚೆನ್ನಾಗಿ ಬೆವರಲಿ ಎಂದು ನನಗೆ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು. ಆಮೇಲೆ ಅವನು ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡದ್ದು ಕಂಡಿತು. ಎಷ್ಟೆಂದರೂ ಒಡಹುಟ್ಟಿದವನು. ನಾನು ಹಾರ್ಮೋನಿಯಂ ತುಳಿದೆ, ಹಾಡು ಹಿಡಿದೆ.

ಹಾಡು ಶುರುವಾದರೆ ನಮ್ಮಲ್ಲಿ ಎಲ್ಲರೂ ಏಳುತ್ತಾರೆ. ಮುಂದಿನವರು ಎದ್ದರು, ಬಾಗಿಲ ಬಳಿಯವರು ಎದ್ದರು, ಅತಿಥಿಯೂ ತಬ್ಬಿಬ್ಬಾಗಿ ಎದ್ದರು. ಈಗ ಅಣ್ಣ ನಿಂತಿದ್ದವರಲ್ಲಿ ಒಬ್ಬನಾದ.

ಮೊದಲ ಚರಣ ಮುಗಿಯುವ ಮೊದಲೇ ದೀನಾ ಹೆಂಗಸರ ಬೆಂಚಿನಿಂದ ಹೊರಗೆ ಬಂದಳು. ನಡುವಿನ ದಾರಿಯನ್ನು ಹಾಡಿನ ನಡುವೆ ಯಾರೂ ದಾಟುವುದಿಲ್ಲ. ಅವಳು ದಾಟಿದಳು. ತಿಮೊಥಿಯ ಕಡೆ ಹೋಗುತ್ತಾಳೆಂದು ನಾನು ತಿಳಿದೆ. ಅವಳು ಅಪ್ಪನ ಪಕ್ಕ ಬಂದು ನಿಂತು, ಬರಿಗೈಯಲ್ಲಿದ್ದ ಅವನ ಮುಂದೆ ತನ್ನ ಹಾಡಿನ ಪುಸ್ತಕ ತೆರೆದು ಹಿಡಿದಳು. ಅಣ್ಣ ಅವಳ ಕಡೆ ತಿರುಗಿ ನೋಡಲಿಲ್ಲ. ಹಾಡಲೂ ಇಲ್ಲ. ಆದರೆ ಮೂರನೆಯ ಚರಣಕ್ಕೆ ಬರುವಷ್ಟರಲ್ಲಿ ಪುಸ್ತಕದ ಒಂದು ಅಂಚನ್ನು ಅವನು ಹಿಡಿದುಕೊಂಡಿದ್ದ.