ಕಾಲಿಲ್ಲದ ಎದುರಾಳಿ

ಮೂರನೇ ಸಲವೂ ಟೀಮಿನ ಹುಡುಗಿ ಸೋನಾಲಿ ಜಾರಿಕೊಂಡಳು. ಅಶ್ಮಿತಾ ಹಿಂದಿನಿಂದ ಅವಳ ಕುತ್ತಿಗೆಗೆ ತೋಳು ಸುತ್ತಿ ಬಿಗಿದಿದ್ದಳು. ಇನ್ನೇನು ಸೋನಾಲಿ ಮ್ಯಾಟ್ ತಟ್ಟಿ ಸೋಲೊಪ್ಪಬೇಕು ಎನ್ನುವಾಗ ಅವಳ ಎರಡು ಕಾಲುಗಳು ಎಲ್ಲಿಂದಲೋ ಬಂದು ಎಲ್ಲವನ್ನೂ ಕೆಡಿಸಿದವು.

ಐರೋಲಿಯ ಆ ಜಿಮ್ಮಿನ ಗೋಡೆಗೊರಗಿ ನಿಂತಿದ್ದ ಅಶ್ಮಿತಾಳ ಅಪ್ಪ ಜಯಶೀಲ ಶೆಟ್ಟರು ಗಡಿಯಾರ ನೋಡಿಕೊಂಡರು. ಭಾನುವಾರ ಬೆಳಿಗ್ಗೆ ಮಾಜಿವಾಡಾದ ತಮ್ಮ ಹೋಟೆಲ್ ಬಿಟ್ಟು ಬರುವುದೆಂದರೆ ಅವರಿಗೆ ಜೀವ ಹೋದಷ್ಟು ಕಷ್ಟ. ಆದರೆ ಮಗಳೊಂದಿಗೆ ಒಪ್ಪಂದವಾಗಿತ್ತು. ಕೋಚ್ ಟೀಮಿಗೆ ಸೇರಿಸಿಕೊಂಡರೆ ಸರಿ. ಇಲ್ಲವಾದರೆ ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತ ಈ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಸುದ್ದಿಯನ್ನು ಇನ್ನು ಮನೆಯಲ್ಲಿ ಎತ್ತುವ ಹಾಗಿಲ್ಲ. ಕೋಚ್ ಬೇಡವೆನ್ನಲಿ ಎಂದೇ ಶೆಟ್ಟರು ದಾರಿಯುದ್ದಕ್ಕೂ ದೇವರಿಗೆ ಹೇಳಿಕೊಂಡು ಬಂದಿದ್ದರು.

ಕೋಚ್ ವಸಂತಕುಮಾರ್ ಮೈಸೂರಿನವರು; ವಾರವೆಲ್ಲ ಕಂಪ್ಯೂಟರ್ ಕೆಲಸ, ಭಾನುವಾರ ಇದು. ಮ್ಯಾಟಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಯೋಚಿಸಿದರು.

"ಕೈ ಮಾತ್ರ ಕಬ್ಬಿಣ ಕಣಮ್ಮ. ಈ ಹಿಡಿತ ನನ್ನ ಹುಡುಗೀರಿಗೂ ಇಷ್ಟು ಚೆನ್ನಾಗಿ ಬರಲ್ಲ. ಆದ್ರೆ ಎದುರಿಗಿರೋರಿಗೆ ಕಾಲಿದೆ ಅನ್ನೋದೇ ನಿಂಗೆ ನೆನಪಿರಲ್ಲ. ಯಾರ ಜೊತೆ ಪ್ರಾಕ್ಟೀಸ್ ಮಾಡ್ತೀಯ?"

ಅಶ್ಮಿತಾ ಅಪ್ಪನ ಕಡೆ ನೋಡಲಿಲ್ಲ. "ಚಾವಲ್ ಕಾ ಬೋರಾ, ಸರ್. ಹೋಟೆಲ್‌ನ ಗೋಡೌನಲ್ಲಿ. ಪಚಾಸ್ ಕಿಲೋದ್ದು."

ಅಕ್ಕಿಚೀಲ! ಶೆಟ್ಟರ ಬಾಯಿ ತೆರೆದುಕೊಂಡಿತು. ಆರು ತಿಂಗಳಿಂದ ಕುಚ್ಚಲಕ್ಕಿ ಚೀಲಗಳು ಹರಿಯುತ್ತಿವೆಯೆಂದು ಅವರು ನಾಲ್ಕು ಇಲಿಬೋನು ತಂದಿದ್ದರು, ಸಾಲದ್ದಕ್ಕೆ ಬೆಕ್ಕೊಂದನ್ನು ಸಾಕಿದ್ದರು. ಒಂದು ಇಲಿಯನ್ನೂ ಕಾಣದೆ ಆ ಬೆಕ್ಕು ಹಾಲು ಕುಡಿದು ಕುಡಿದು ದುಂಡಗಾಗಿತ್ತು.

"ಇಲಿ ನೀನಾ ಮಾರಾಯ್ತಿ?" ಎಂದರು.

ಸೋನಾಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ವಸಂತಕುಮಾರ್ ಕೂಡ ನಕ್ಕು, ಆಮೇಲೆ ಮೆಲ್ಲಗೆ, "ಈಗ್ಲೇ ಟೀಮಿಗೆ ತಗೊಳಕ್ಕಾಗಲ್ಲಮ್ಮ. ಕಾಲಿರೋರ ಜೊತೆ ಮೂರು ತಿಂಗಳು ದಿನಾ ಹಿಡಿದು ಬಾ. ಆಮೇಲೆ ನೋಡೋಣ" ಎಂದರು.

ಒಪ್ಪಂದದ ಪ್ರಕಾರ ಅಲ್ಲಿಗೆ ಮುಗಿದಿತ್ತು. ಅಶ್ಮಿತಾ ಬ್ಯಾಗ್ ಎತ್ತಿಕೊಂಡಳು. ಶೆಟ್ಟರು ಬೇಡಿಕೊಂಡದ್ದು ಸಿಕ್ಕಿತ್ತು, ಖುಷಿ ಮಾತ್ರ ಬರಲಿಲ್ಲ. ಆ ಸೆಕೆಯ ಗೋದಾಮಿನಲ್ಲಿ ಆರು ತಿಂಗಳು ಒಬ್ಬಳೇ ಅಕ್ಕಿಚೀಲ ತಬ್ಬಿಕೊಂಡು ಉರುಳಾಡಿದ್ದಾಳೆ, ಮನೆಯಲ್ಲಿ ಒಬ್ಬರನ್ನೂ ಜೊತೆಗೆ ಕರೆದಿಲ್ಲ. ಕರೆದಿದ್ದರೆ ತಾವು ಏನು ಹೇಳುತ್ತಿದ್ದೆವು ಎಂಬುದು ಅವರಿಗೆ ಗೊತ್ತಿತ್ತು. ನಾಚಿಕೆಯಾಯಿತು.

ಅವರು ಮೊಬೈಲನ್ನೂ ಕೀಲಿಗೊಂಚಲನ್ನೂ ಸೋನಾಲಿಯ ಕೈಗೆ ಕೊಟ್ಟು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಮ್ಯಾಟಿನ ಮೇಲೆ ಕೂತರು.

"ಹೀಗಾ ಸರ್ ಕೂತ್ಕೊಳ್ಳುದು?"

"ಪಪ್ಪಾ, ಆಪ್ ಕಾ ಕಮರ್..."

"ಸೊಂಟ ಇರ್ಲಿ. ಕಾಲು ಎರಡೂ ಸರಿ ಉಂಟು. ನೀನು ಹಿಡಿ."

ಅವಳು ಹಿಂದಿನಿಂದ ಅಳುಕುತ್ತಾ ಹಿಡಿದಳು. ಶೆಟ್ಟರು ಕಾಲು ಝಾಡಿಸಿ ಅವಳನ್ನು ಉರುಳಿಸಿಬಿಟ್ಟರು. "ಇಷ್ಟು ಮೆಲ್ಲ ಹಿಡಿದ್ರೆ ಆಗುದಿಲ್ಲ. ಇನ್ನೊಮ್ಮೆ."

ಎರಡನೇ ಸಲ ಅವಳ ಕಾಲುಗಳು ಅವರ ಕಾಲುಗಳನ್ನು ಹುಡುಕಿಕೊಂಡು ಹೋಗಿ ಹೆಣೆದುಕೊಂಡವು. ತೋಳು ಬಿಗಿಯಿತು. ಮ್ಯಾಟ್ ತಟ್ಟಿದರೆ ಬಿಟ್ಟುಬಿಡುತ್ತಾಳೆಂದು ಗೊತ್ತಿದ್ದರೂ ಶೆಟ್ಟರು ಸ್ವಲ್ಪ ಹೊತ್ತು ತಟ್ಟಲಿಲ್ಲ.