ಬಸ್ಸಿನಲ್ಲೇ ಉಳಿದ ನಾದಿನಿ

ದ್ರಾಕ್ಷಿ ತೋಟಗಳ ಕಣಿವೆಗೆ ಹೋಗಿ ಬರೋಣ ಎಂದು ಮಾತಾಡಿಕೊಂಡಾಗ ಗೆಳತಿಯರು ಮೂವರಿದ್ದರು. ಹೊರಡುವ ಹೊತ್ತಿಗೆ ನಾಲ್ವರಾದರು. ನಾಲ್ಕನೆಯವಳು ಟೈಲರಮ್ಮನ ನಾದಿನಿ.

ತಪ್ಪೆಲ್ಲ ಟೈಲರಮ್ಮನ ಗಂಡನದು. ಊಟಕ್ಕೆ ಕೂತಿದ್ದಾಗ, ನಾದಿನಿ ಎದುರಿಗೇ ಇದ್ದಾಗ, "ಪಾಪ, ಅವಳೂ ಎಲ್ಲೂ ಹೋದವಳಲ್ಲ, ಜೊತೆಗೆ ಕರ್ಕೊಂಡು ಹೋಗೇ" ಎಂದುಬಿಟ್ಟ. ಹಾಗೆ ಮುಖದೆದುರು ಕೇಳಿದರೆ ಯಾರು ತಾನೇ ಆಗಲ್ಲ ಎನ್ನುತ್ತಾರೆ? ಟೈಲರಮ್ಮ ಬಾಯಲ್ಲಿದ್ದ ತುತ್ತನ್ನು ನುಂಗಿ, "ಬರ್ಲಿ, ಅದಕ್ಕೇನಂತೆ" ಎಂದಳು. ಆ ತುತ್ತು ಗಂಟಲಿಳಿಯಲು ಸಾಕಷ್ಟು ಹೊತ್ತು ಹಿಡಿಯಿತು.

ನಾದಿನಿ ಕೆಟ್ಟವಳೇನಲ್ಲ. ಮದುವೆಯ ಗೊಡವೆಗೆ ಹೋಗದೆ ಅಣ್ಣನ ಮನೆಯಲ್ಲೇ ಉಳಿದಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ದಿನವಿಡೀ ಬೆಡ್‌ಶೀಟುಗಳ ಕಲೆ ಹುಡುಕಿ ಹುಡುಕಿ ಅವಳ ಕಣ್ಣು ಎಲ್ಲಿ ಹೋದರೂ ಕಲೆಯನ್ನೇ ಹುಡುಕುತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ಕಿಟಕಿಯ ಪರದೆ ಹಿಡಿದು ನೋಡುವಳು, ಆಮೇಲೆ ಕಂಡದ್ದನ್ನು ಹೇಳುವಳು. ಹೇಳಿದ್ದೆಲ್ಲ ನಿಜವೇ ಆಗಿರುತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಮಿಕ್ಕಿಬ್ಬರಲ್ಲಿ ಒಬ್ಬಳು ಶಾಲೆಯ ಡ್ರಿಲ್ ಟೀಚರು. ಪ್ರವಾಸಕ್ಕೂ ಕೊರಳಲ್ಲಿ ಸೀಟಿ ನೇತುಹಾಕಿಕೊಂಡೇ ಬಂದಿದ್ದಳು. ಇನ್ನೊಬ್ಬಳಿಗೆ ಔಷಧಿ ಅಂಗಡಿ. ಕೇಳಿದವರಿಗೂ ಕೇಳದವರಿಗೂ ಮಾತ್ರೆ ಕೊಡುತ್ತಿದ್ದುದರಿಂದ ಅವಳನ್ನು ಎಲ್ಲರೂ 'ಡಾಕ್ಟ್ರು' ಎಂದೇ ಕರೆಯುತ್ತಿದ್ದರು. ಸೈಕಲ್ ತುಳಿಯಲೆಂದು ಟೈಲರಮ್ಮ ಒಂದೇ ಥಾನಿನ ಬಟ್ಟೆಯಲ್ಲಿ ಮೂರು ದೊಗಳೆ ಪ್ಯಾಂಟು ಹೊಲಿದಿಟ್ಟಿದ್ದಳು. ನಾಲ್ಕನೆಯದನ್ನು ಉಳಿದ ತುಂಡುಗಳನ್ನು ಜೋಡಿಸಿ ಹೊಲಿಯಬೇಕಾಯಿತು. ಜೇಬಿಗೆ ಬಟ್ಟೆ ಸಾಲಲಿಲ್ಲ.

"ನಿಮಗೆಲ್ಲ ಜೇಬಿದೆ" ಎಂದಳು ನಾದಿನಿ, ಪ್ಯಾಂಟನ್ನು ತಿರುಗಿಸಿ ನೋಡಿ. ದೂರಿನಂತೇನೂ ಹೇಳಲಿಲ್ಲ, ಸುಮ್ಮನೆ ಹೇಳಿದಳು. "ಇರ್ಲಿ. ನನ್ನ ಫೋನು ನೀವೇ ಇಟ್ಕೊಳ್ಳಿ ಅತ್ತಿಗೆ."

ಆ ಕಣಿವೆಯಲ್ಲಿ ಓಡಾಡಲು ಒಂದೇ ಬಸ್ಸು. ಹಳ್ಳಿ ಹಳ್ಳಿಗೂ ನಿಂತು, ಗುಡ್ಡ ಹತ್ತಿ ಇಳಿದು ಸುತ್ತುತ್ತಿತ್ತು. ಅದರ ಬೆನ್ನಿಗೆ ಸೈಕಲ್ ನೇತುಹಾಕುವ ಕಬ್ಬಿಣದ ಕೊಂಡಿಗಳಿದ್ದವು. ಏರು ಬಂದರೆ ಬಸ್ಸು, ಇಳಿಜಾರು ಬಂದರೆ ಸೈಕಲ್ಲು, ನಡುನಡುವೆ ವೈನ್ ಮಾಡುವ ಮನೆಗಳಲ್ಲಿ ನಿಂತು ರುಚಿ ನೋಡುವುದು. ಇದು ಡ್ರಿಲ್ ಟೀಚರ ಯೋಜನೆ. ದಾರಿಯ ಎರಡೂ ಕಡೆ ದ್ರಾಕ್ಷಿ ಬಳ್ಳಿಗಳು ಸಾಲುಸಾಲಾಗಿ, ಬಾಚಿದ ತಲೆಯ ಹಾಗೆ, ಗುಡ್ಡದ ನೆತ್ತಿಯವರೆಗೂ ಹಬ್ಬಿದ್ದವು.

ಮೊದಲ ದಿನವೇ ಟೈಲರಮ್ಮನ ಮಾನ ಹೋಯಿತು. ಕಲ್ಲಿನ ನೆಲಮಾಳಿಗೆಯೊಂದರಲ್ಲಿ ಬಿಳಿ ಅಂಗಿ ತೊಟ್ಟ ಯುವತಿಯೊಬ್ಬಳು ಲೋಟ ಹೇಗೆ ಆಡಿಸಬೇಕು, ಹೇಗೆ ಮೂಸಬೇಕು ಎಂದು ತೋರಿಸುತ್ತಿದ್ದಳು. ಎಲ್ಲರೂ ಕಣ್ಣು ಮುಚ್ಚಿ ಮೂಸುತ್ತಿದ್ದಾಗ ನಾದಿನಿ ಕೈಯೆತ್ತಿದಳು.

"ದ್ರಾಕ್ಷಿ ತೊಳೀತೀರಾ?"

"ಇಲ್ಲಮ್ಮ, ತೊಳೆಯೋ ಪದ್ಧತಿ ಇಲ್ಲ..."

"ಕಿತ್ತು ಹಾಗೇ ಹಾಕ್ತೀರಾ? ಧೂಳು, ಹುಳ ಎಲ್ಲ ಸೇರಿಸಿ?"

ಪಕ್ಕದಲ್ಲಿದ್ದ ದಂಪತಿಗಳು ಲೋಟ ಕೆಳಗಿಟ್ಟರು. ಅವರ ಹಿಂದಿದ್ದವರೂ ಇಟ್ಟರು. ಯುವತಿಯ ಮುಖ ಅವಳ ವೈನಿನ ಬಣ್ಣಕ್ಕೆ ತಿರುಗಿತು. ಹೊರಗೆ ಬಂದ ಮೇಲೆ ನಾದಿನಿ, "ಹುಳಿ ಬಂದ ಹಣ್ಣಿನ ರಸ ಕುಡಿಯೋಕೆ ಇಷ್ಟು ದೂರ ಬರ್ಬೇಕಿತ್ತಾ ಅತ್ತಿಗೆ? ಮನೇಲಿ ಎರಡು ದಿನ ಫ್ರಿಜ್ಜಿನಿಂದ ಹೊರಗಿಟ್ಟಿದ್ರೆ ಆಗ್ತಿತ್ತು" ಎಂದಳು. ಅವಳು ಒಂದು ಹನಿಯನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ.

"ನಿನ್ನ ನಾದಿನಿಗೆ ಏನಾದ್ರೂ ಮಾತ್ರೆ ಕೊಡ್ಲಾ?" ಎಂದು ಡಾಕ್ಟ್ರು ಟೈಲರಮ್ಮನ ಕಿವಿಯಲ್ಲಿ ಕೇಳಿದಳು. ಯಾವ ಕಾಯಿಲೆಗೆಂದು ಹೇಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬಸ್ಸು ತುಂಬಿತ್ತು. ನಾದಿನಿ ಹಿಂದಿನ ಸೀಟಿನಲ್ಲಿ ಎಲ್ಲರ ಚೀಲಗಳನ್ನೂ ಪಕ್ಕದಲ್ಲಿ ಜೋಡಿಸಿಟ್ಟುಕೊಂಡು, ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಇಳಿಯುವ ಜಾಗ ಬಂದಾಗ ಡ್ರಿಲ್ ಟೀಚರು ಸೀಟಿ ಊದಿದಳು. ಡ್ರೈವರು ಅದನ್ನು ಕಂಡಕ್ಟರನ ಸೀಟಿ ಎಂದುಕೊಂಡು ಗಕ್ಕನೆ ನಿಲ್ಲಿಸಿದ. ಮೂವರೂ ದಡಬಡಿಸಿ ಇಳಿದು, ಹಿಂದೆ ಓಡಿ ಸೈಕಲ್ಲುಗಳನ್ನು ಬಿಚ್ಚತೊಡಗಿದರು. ಮೂರನೆಯದು ಕೈಗೆ ಬರುತ್ತಿದ್ದಂತೆ ಡ್ರಿಲ್ ಟೀಚರು ಖುಷಿಯಲ್ಲಿ ಇನ್ನೊಮ್ಮೆ ಸೀಟಿ ಊದಿದಳು. ಬಸ್ಸು ಹೊರಟೇ ಹೋಯಿತು.

ತಿರುವಿನ ಕಡೆಗೆ ಅದು ಸಾಗುವಾಗ ಬೆನ್ನಿಗೆ ಒಂಟಿ ಸೈಕಲ್ಲು ತೂಗಾಡುತ್ತಿತ್ತು.

ಅದು ಮೊದಲು ಅರ್ಥವಾದದ್ದು ಟೈಲರಮ್ಮನ ಹೆಗಲಿಗೆ. ಎರಡು ದಿನದಿಂದ ಬಿಗಿದುಕೊಂಡಿದ್ದ ಹೆಗಲು ತಾನಾಗಿ ಸಡಿಲವಾಯಿತು. ಗಾಳಿ ತಂಪಾಗಿತ್ತು. ಎಲ್ಲಿಯೋ ಹಕ್ಕಿ ಕೂಗುತ್ತಿತ್ತು. ಯಾರೂ ಏನೂ ಹೇಳುತ್ತಿರಲಿಲ್ಲ. 'ಆಹಾ' ಎಂದುಕೊಂಡು ಮುಖವರಳಿಸಿ ನಕ್ಕಳು. ಆಮೇಲೆ ಬಸ್ಸು ಮರೆಯಾದ ತಿರುವಿನ ಕಡೆಗೆ ನಾಲ್ಕು ಹೆಜ್ಜೆ ಓಡಿ ನಿಂತಳು.

"ನೀನು ಎಬ್ಬಿಸಲಿಲ್ವಾ?" ಎಂದಳು ಡಾಕ್ಟ್ರಿಗೆ.

"ನಿನ್ನ ನಾದಿನಿ ಕಣೇ! ನೀನು ಎಬ್ಬಿಸ್ತೀಯಾ ಅಂತ ನಾನು..."

"ಜಗಳ ಆಮೇಲೆ, ಮೊದಲು ಫೋನ್ ಮಾಡು" ಎಂದಳು ಡ್ರಿಲ್ ಟೀಚರು.

ಟೈಲರಮ್ಮ ಫೋನು ಮಾಡಿದಳು. ನಾದಿನಿಯ ಫೋನು ಟೈಲರಮ್ಮನ ಸೊಂಟದ ಚೀಲದಲ್ಲೇ ರಿಂಗಾಯಿತು. ಮೂವರೂ ಆ ಚೀಲವನ್ನು ನೋಡುತ್ತ ನಿಂತರು. ಕರೆ ಕತ್ತರಿಸಿದ ಮೇಲೂ ಅದು ಮತ್ತೆ ಬಡಿದುಕೊಳ್ಳತೊಡಗಿತು. ತೆಗೆದು ನೋಡಿದರೆ 'ಅಣ್ಣ'. ಟೈಲರಮ್ಮನ ಗಂಡ.

"ಏನೇ, ನೀನ್ಯಾಕೆ ಎತ್ತಿದೆ? ಅವಳೆಲ್ಲಿ?"

"ಅವಳಾ... ಸ್ನಾನಕ್ಕೆ ಹೋಗಿದ್ದಾಳೆ."

ಅದೇ ಹೊತ್ತಿಗೆ ಪಕ್ಕದ ತೋಟದಿಂದ ಟ್ರ್ಯಾಕ್ಟರೊಂದು ಗುಡುಗುಟ್ಟುತ್ತ ಹೊರಬರಬೇಕೇ?

"ಅದೇನೇ ಸದ್ದು?"

"ಗೀಸರ್ರು. ಬಹಳ ಹಳೇದು."

"ಹುಷಾರು, ಸಿಡಿದೀತು. ಅವಳನ್ನ ಚೆನ್ನಾಗಿ ನೋಡ್ಕೊ" ಎಂದು ಗಂಡ ಫೋನಿಟ್ಟ. ಟೈಲರಮ್ಮನಿಗೆ ಅಳು ಬಂತು. ಡಾಕ್ಟ್ರು ಮಾತ್ರೆ ಕೊಡಲು ನೋಡಿದಳು. ಆದರೆ ಮಾತ್ರೆಗಳೂ ಚೀಲದ ಜೊತೆ ಬಸ್ಸಿನಲ್ಲೇ ಹೋಗಿದ್ದವು.

ಬಸ್ಸು ಹೋದ ದಾರಿಯಲ್ಲೇ ತುಳಿಯುವುದೆಂದಾಯಿತು. ಆ ದಾರಿ ಪೂರ್ತಿ ಏರು. ಡ್ರಿಲ್ ಟೀಚರು ಮುಂದೆ, ನಡುವೆ ಟೈಲರಮ್ಮ, ಹಿಂದೆ ಏದುಸಿರು ಬಿಡುತ್ತ ಡಾಕ್ಟ್ರು. ಬಸ್ಸಿನ ಸೀಟಿನಲ್ಲಿ ನಿದ್ದೆ ತಿಳಿದೆದ್ದು ಯಾರೂ ಕಾಣದೆ ನಾದಿನಿ ಗಾಬರಿಯಾಗಿ ಅತ್ತಿತ್ತ ನೋಡುವುದು ಟೈಲರಮ್ಮನ ಕಣ್ಣಿಗೆ ಕಟ್ಟಿತು. ಜೇಬಿಲ್ಲದ ಪ್ಯಾಂಟು ಬೇರೆ. ತನ್ನ ಪ್ಯಾಂಟಿನ ಒಂದು ಜೇಬು ಬಿಚ್ಚಿ ಅದಕ್ಕೆ ಹೊಲಿದಿದ್ದರೆ ಆಗುತ್ತಿತ್ತು.

ಮುಂದಿನ ಹಳ್ಳಿಯ ಬಸ್ ನಿಲ್ದಾಣದ ಎದುರು ಒಂದು ಬೇಕರಿಯಿತ್ತು. ಟೈಲರಮ್ಮ ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳನುಗ್ಗಿದಳು.

"ಇಲ್ಲಿ ಒಬ್ಬರು ಹೆಂಗಸು ಇಳಿದ್ರಾ? ತುಂಡು ತುಂಡು ಜೋಡಿಸಿದ ಪ್ಯಾಂಟು..."

"ಓ, ಅವರಾ!" ಎಂದ ಬೇಕರಿಯವನು, ಸೊಂಟದ ಮೇಲೆ ಕೈಯಿಟ್ಟು. "ನನ್ನ ಬ್ರೆಡ್ಡಿನ ತಳ ಸೀದಿದೆ ಅಂದ್ರು."

"ಅಯ್ಯೋ, ಬೇಜಾರು ಮಾಡ್ಕೋಬೇಡಿ..."

"ಸೀದಿತ್ತು. ಚೆನ್ನಾಗಿರೋದು ಆರಿಸಿ ತಗೊಂಡು, ನಿಮ್ಮ ಚೀಲಗಳನ್ನೆಲ್ಲ ಆ ಮೂಲೇಲಿಟ್ಟು, ಸೈಕಲ್ ಹತ್ತಿ ಮೇಲಕ್ಕೆ ಹೋದ್ರು. ನೀವು ಬಂದ್ರೆ ಮೊದಲು ನೀರು ಕುಡಿಸಿ ಅಂದಿದಾರೆ."

ಮೂಲೆಯಲ್ಲಿ ಚೀಲಗಳು ದೊಡ್ಡದರ ಮೇಲೆ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು ಎಂಬಂತೆ ಅಚ್ಚುಕಟ್ಟಾಗಿ ಕೂತಿದ್ದವು. ಡಾಕ್ಟ್ರು ಓಡಿಹೋಗಿ ತನ್ನ ಮಾತ್ರೆಗಳನ್ನು ಅಪ್ಪಿಕೊಂಡಳು.

"ಗಾಬರಿಯಾದವರ ಹಾಗೆ ಇದ್ರಾ?" ಎಂದು ಟೈಲರಮ್ಮ ಕೇಳಿದಳು.

"ಗಾಬರಿಯಾಗಿದ್ದು ನಾನು" ಎಂದ ಬೇಕರಿಯವನು.

ಊರಾಚೆ ಪೀಪಾಯಿ ಮಾಡುವವನ ಅಂಗಳ. ಅವನು ಎಣ್ಣೆಯ ಡಬ್ಬಿ ಹಿಡಿದು ಕಿರುಗುಟ್ಟುವ ಗೇಟಿನ ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದ. ಇವರು ಬಾಯಿ ತೆರೆಯುವ ಮೊದಲೇ ಗುಡ್ಡದ ತುದಿಯ ಕಡೆ ಬೆರಳು ತೋರಿಸಿದ. "ಅಲ್ಲಿಗೆ ಹೋಗ್ಬೇಡಿ, ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳಾಗಿವೆ, ಹೋದವರ ಮೇಲೆಲ್ಲ ಹರಿಹಾಯ್ತಾರೆ ಅಂತ ನಿಮ್ಮವರಿಗೆ ಹೇಳ್ದೆ. ಹೌದಾ, ನೋಡೋಣ ಅಂತ ಹೊರಟೇಬಿಟ್ರು" ಎಂದ. ಮೂವರೂ ಮುಖ ಮುಖ ನೋಡಿಕೊಂಡು ಮತ್ತೆ ತುಳಿಯತೊಡಗಿದರು.

ಗುಡ್ಡದ ಮೇಲಿನ ಮನೆಗೆ ಅಕ್ಕಪಕ್ಕದಲ್ಲೇ ಎರಡು ಗೇಟು. ಅಂಗಳದ ನಟ್ಟನಡುವೆ ಸುಣ್ಣದಲ್ಲಿ ಗೆರೆ ಎಳೆದಿತ್ತು. ಗೆರೆಯ ಈಚೆ ಒಂದು ಮೇಜು, ಆಚೆ ಒಂದು ಮೇಜು. ಅಪ್ಪ ಸತ್ತ ಮೇಲೆ ಒಂದೇ ತೋಟವನ್ನು ಪಾಲು ಮಾಡಿಕೊಂಡು, ನನ್ನ ವೈನೇ ಅಪ್ಪನ ವೈನು, ನಿನ್ನದು ಕೊಳಚೆ ಎಂದು ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದರಂತೆ. ಈಗ ಗೇಟಿನೊಳಗಿನಿಂದ ಇಬ್ಬರ ಗಂಟಲೂ ಕೇಳುತ್ತಿತ್ತು. ಟೈಲರಮ್ಮ ಸೈಕಲ್ಲನ್ನು ಅಲ್ಲೇ ಬೀಳಿಸಿ ಒಳಗೆ ಓಡಿದಳು.

ಗೆರೆಯ ಮೇಲೆಯೇ ಕುರ್ಚಿ ಹಾಕಿಕೊಂಡು, ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ನಾದಿನಿ ಕೂತಿದ್ದಳು. ಕಣ್ಣಿಗೆ ಅವಳದೇ ಕರವಸ್ತ್ರ ಕಟ್ಟಿತ್ತು. ಎರಡೂ ಕೈಯಲ್ಲಿ ಲೋಟ. ನರೆಗೂದಲಿನ ಇಬ್ಬರು ಗಂಡಸರು ಎರಡೂ ಕಡೆಯಿಂದ ಬಗ್ಗಿ ನಿಂತಿದ್ದರು.

"ಇನ್ನೊಂದ್ಸಲ ನೋಡಿ ಅಮ್ಮಾ, ಸರಿಯಾಗಿ!" ಎಂದು ಅಣ್ಣ ಗೋಗರೆದ.

ನಾದಿನಿ ಎಡಗೈಯ ಲೋಟದಿಂದ ಒಂದು ಗುಟುಕು ಕುಡಿದಳು. ಬಲಗೈಯದರಿಂದ ಒಂದು. ನಾಲಿಗೆ ಚಪ್ಪರಿಸಿದಳು.

"ಎರಡೂ ಒಂದೇ."

"ಒಂದೇ ಹೇಗಾಗುತ್ತೆ?" ತಮ್ಮ ಕೂಗಿದ. "ಇವನು ಕೀಳೋದೇ ಹಣ್ಣಾಗೋ ಮೊದಲು!"

"ಇವನು ಪೀಪಾಯಿ ತೊಳೆಯೋದೇ ಇಲ್ಲ!" ಅಣ್ಣನೂ ಕೂಗಿದ.

"ಗೊತ್ತಾಗುತ್ತೆ. ಇಬ್ಬರದೂ ಕೆಮ್ಮಿನ ಔಷಧಿ ಥರ ಇದೆ" ಎಂದಳು ನಾದಿನಿ.

ಇಬ್ಬರೂ ಸೊಂಟ ನೆಟ್ಟಗೆ ಮಾಡಿ ನಿಂತರು. ಆಮೇಲೆ ಅಣ್ಣ ತಮ್ಮನ ಕಡೆ ತಿರುಗಿದ. "ನೋಡಿದ್ಯೇನೋ? ನಮ್ಮಪ್ಪನ ವೈನನ್ನ ಕೆಮ್ಮಿನ ಔಷಧಿ ಅಂತಾರೆ ಇವರು!"

"ಹೇಳೋ ನೀನು ಅವರಿಗೆ!" ಎಂದ ತಮ್ಮ. "ಆ ಹಳೇ ಬಾಟಲಿ ತಗೊಂಡು ಬಾ. ನಮ್ಮ ಮರ್ಯಾದೆ ಪ್ರಶ್ನೆ!"

ಇಬ್ಬರೂ ಒಟ್ಟಿಗೆ, ಭುಜಕ್ಕೆ ಭುಜ ತಾಗಿಸಿಕೊಂಡು, ಗೆರೆ ತುಳಿದು ನೆಲಮಾಳಿಗೆಗೆ ಇಳಿದುಹೋದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಆಳು ಬೆರಗಾಗಿ ಎದೆಯ ಮೇಲೆ ಕೈಯಿಟ್ಟುಕೊಂಡ.

ಟೈಲರಮ್ಮ ಹತ್ತಿರ ಹೋಗಿ ಕಣ್ಣಿನ ಪಟ್ಟಿ ಬಿಚ್ಚಿದಳು. ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಬೈದಳು. "ಏನಿದು ನಿನ್ನ ಅವತಾರ? ಜೀವ ಕೈಲಿ ಹಿಡ್ಕೊಂಡು ಗುಡ್ಡ ಹತ್ತಿದ್ದೀವಿ! ಬಸ್ಸಲ್ಲಿ ಹಾಗಾ ಮೈಮರೆತು ನಿದ್ದೆ ಮಾಡೋದು?"

ನಾದಿನಿಯ ಕೆನ್ನೆ ಕೆಂಪಾಗಿತ್ತು. "ನಾನು ನಿದ್ದೆ ಮಾಡ್ತಿರಲಿಲ್ಲ ಅತ್ತಿಗೆ" ಎಂದಳು.

"ಮತ್ತೆ?"

"ನೀವು ಇಳಿಯೋದು ಗೊತ್ತಾಯ್ತು. ಯಾರೂ ಕರೀಲಿಲ್ಲ. ಸರಿ, ಒಂದು ದಿನ ಯಾರ ಹಿಂದೇನೂ ಹೋಗದೆ ಇದ್ದು ನೋಡೋಣ ಅನ್ನಿಸ್ತು. ಅಣ್ಣನ ಹಿಂದೆ ಶಾಲೆಗೆ ಹೋದೆ, ಅಣ್ಣನ ಹಿಂದೆ ಅವನ ಕೆಲಸದ ಊರಿಗೆ ಬಂದೆ. ಈಗ ನಿಮ್ಮ ಹಿಂದೆ."

ಡಾಕ್ಟ್ರೂ ಡ್ರಿಲ್ ಟೀಚರೂ ಒಮ್ಮೆಲೇ ಅಂಗಳದ ಬಳ್ಳಿಯಲ್ಲಿ ಏನೋ ವಿಶೇಷ ಕಂಡವರಂತೆ ಆ ಕಡೆ ಹೋದರು.

ಟೈಲರಮ್ಮ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತಳು. ಬೆವರು ಒರೆಸಿಕೊಂಡಳು. ಸುಳ್ಳು ಹೇಳುವಷ್ಟು ಉಸಿರು ಉಳಿದಿರಲಿಲ್ಲ. "ಬಸ್ಸು ಹೊರಟಾಗ... ನೀನು ಅದರಲ್ಲೇ ಇದ್ದೀಯಾ ಅಂತ ಗೊತ್ತಾದಾಗ, ಒಂದು ಗಳಿಗೆ ನಂಗೆ ಹಾಯ್ ಅನ್ನಿಸ್ತು ಕಣೇ" ಎಂದಳು.

"ಗೊತ್ತು" ಎಂದಳು ನಾದಿನಿ. "ಹಿಂದಿನ ಗಾಜಲ್ಲಿ ನಿಮ್ಮ ಮುಖ ಕಾಣಿಸ್ತು. ಅಷ್ಟು ಚೆನ್ನಾಗಿ ನೀವು ನಕ್ಕಿದ್ದು ನೋಡಿ ಎಷ್ಟು ದಿನ ಆಗಿತ್ತು! ನಂಗೂ ನಗು ಬಂತು."

ಟೈಲರಮ್ಮನ ಬಾಯಿಂದ ಮೊದಲು ಒಂದು ವಿಚಿತ್ರ ಸದ್ದು ಹೊರಟಿತು. ಅದು ಅಳುವೆಂದು ನಾದಿನಿ ಕರವಸ್ತ್ರ ಚಾಚಿದಳು. ಅದು ನಗು. ನಗು ಇಬ್ಬರಿಗೂ ಹತ್ತಿಕೊಂಡು, ಒಬ್ಬರ ಹೆಗಲ ಮೇಲೊಬ್ಬರು ಬಿದ್ದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಕುರ್ಚಿಯ ಕಾಲು ಸರಿದು ಸುಣ್ಣದ ಗೆರೆಯನ್ನು ಉದ್ದಕ್ಕೆ ಅಳಿಸಿತು.

ಹಳೆಯ ಬಾಟಲಿ ಬಂತು. ಅದರಲ್ಲಿ ತಪ್ಪು ಹುಡುಕಲು ನಾದಿನಿ ಮೂರು ಸಲ ಪ್ರಯತ್ನಿಸಿ, "ಇದು ಪರವಾಗಿಲ್ಲ" ಎಂದಳು. ಅಣ್ಣ ತಮ್ಮ ಒಬ್ಬರ ಬೆನ್ನೊಬ್ಬರು ತಟ್ಟಿಕೊಂಡರು. ಅದು ಅಪ್ಪನ ಕೈಯದು, ಇಬ್ಬರದೂ ಅಲ್ಲ ಎಂಬುದು ಆ ಸಂಭ್ರಮದಲ್ಲಿ ಯಾರಿಗೂ ನೆನಪಾಗಲಿಲ್ಲ. ಎರಡು ಮೇಜುಗಳನ್ನು ಸೇರಿಸಿ ಊಟಕ್ಕಿಟ್ಟರು. ಡ್ರಿಲ್ ಟೀಚರು ಎಲ್ಲರನ್ನೂ ಸಾಲಾಗಿ ಕೂರಿಸಿದಳು. ಡಾಕ್ಟ್ರು ಅಣ್ಣನ ಮಂಡಿನೋವಿಗೊಂದು, ತಮ್ಮನ ಹೊಟ್ಟೆಯುರಿಗೊಂದು ಮಾತ್ರೆ ಕೊಟ್ಟಳು.

ಇಳಿಹೊತ್ತಿಗೆ ನಾಲ್ವರೂ ಸೈಕಲ್ಲುಗಳನ್ನು ತಳ್ಳಿಕೊಂಡೇ ಇಳಿದರು. ಅಷ್ಟು ಕುಡಿದ ಮೇಲೆ ಸೈಕಲ್ ಹತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಅಣ್ಣ ತಮ್ಮಂದಿರು ಬಸ್ ನಿಲ್ದಾಣದವರೆಗೂ ಜೊತೆಗೆ ಬಂದರು. ದಾರಿಯುದ್ದಕ್ಕೂ ನಾದಿನಿ ಪೀಪಾಯಿಯನ್ನು ಬಿಸಿನೀರಿನಲ್ಲಿ ಹೇಗೆ ತೊಳೆಯಬೇಕೆಂದು ಅವರಿಗೆ ವಿವರಿಸುತ್ತಿದ್ದಳು. ಇಬ್ಬರೂ ಒಟ್ಟಾಗಿ ಅದನ್ನು ಅಲ್ಲಗಳೆಯುತ್ತಿದ್ದರು.

ಬಸ್ಸು ಬಂದು ನಿಂತಿತು. ಡ್ರಿಲ್ ಟೀಚರ ಕೈ ಸೀಟಿಗೆ ಹೋಯಿತು. ಟೈಲರಮ್ಮ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಅವಳ ಮಾತು ಇನ್ನೂ ಮುಗಿದಿಲ್ಲ" ಎಂದಳು. ಡ್ರೈವರನಿಗೆ ನೀವು ಹೊರಡಿ, ಮುಂದಿನ ಸುತ್ತಿಗೆ ಬರ್ತೀವಿ ಎಂದು ಕೈಬೀಸಿ, ನಿಲ್ದಾಣದ ಬೆಂಚಿನಲ್ಲಿ ಕಾಲು ಚಾಚಿಕೊಂಡು ಕೂತಳು.