ಬಿಳಿ ಕುದುರೆಯ ಕೆಂದು ಮರಿ

ಹಗರೆಯ ವೆಂಕಟಲಕ್ಷ್ಮಮ್ಮನ ಬಿಳಿ ಕುದುರೆ ಮರಿ ಹಾಕಿದ ಬೆಳಗ್ಗೆ, ನೋಡಲು ಬಂದವರೆಲ್ಲ ಮೊದಲು ಮರಿಯನ್ನು ನೋಡಿದರು, ಆಮೇಲೆ ಅವಳ ಮುಖವನ್ನು. ಮರಿ ಕೆಂದು ಬಣ್ಣದ್ದು, ಹೊಸ ಹೆಂಚಿನಷ್ಟು ಕೆಂಪು.

ಗಂಡ ತೀರಿಕೊಂಡ ಮೇಲೆ ಬೇಲೂರು, ಹಳೇಬೀಡಿನ ಮದುವೆ ಮೆರವಣಿಗೆಗಳಿಗೆ ಕುದುರೆ ಹಿಡಿದುಕೊಂಡು ಹೋಗುತ್ತಿದ್ದವಳು ಅವಳೇ. ಮದುಮಗನಿಗೆ ಬಿಳಿ ಕುದುರೆಯೇ ಬೇಕು. ಇದ್ದೊಂದಕ್ಕೆ ವಯಸ್ಸಾಗುತ್ತಿದೆಯೆಂದು, ಹಾರನಹಳ್ಳಿಯ ತಮ್ಮ ಲಕ್ಕಪ್ಪನ ಬಿಳಿ ಗಂಡು ಕುದುರೆಯ ಜೊತೆ ಅದನ್ನು ಮರಿಗೆಂದು ಬಿಟ್ಟು ಬಂದಿದ್ದಳು. ಬಿಳಿಗೂ ಬಿಳಿಗೂ ಕೆಂಪು ಹುಟ್ಟುವುದುಂಟೆ?

ತಮ್ಮನಿಗೆ ಫೋನು ಮಾಡಿದಳು. “ಲಕ್ಕಪ್ಪ, ನಿಜ ಹೇಳು. ಯಾವ ಕುದುರೆ ಬಿಟ್ಟಿದ್ದೆ?”

“ಏನಕ್ಕ ಹಿಂಗಂತೀಯ! ಮಾಲೇಕಲ್ಲು ತಿಮ್ಮಪ್ಪನಾಣೆ, ನನ್ ಕುದುರೆನೇ.”

“ದೇವ್ರನ್ಯಾಕೆ ಎಳೀತೀಯ? ಮರಿ ಬಣ್ಣನೇ ಹೇಳ್ತೈತಲ್ಲ.”

ಆ ಕಡೆಯಿಂದ ಫೋನು ಕಟ್ಟಾಯಿತು. ಅಂದಿನಿಂದ ಮಾತಿಲ್ಲ.

ಅಂದುಬಿಟ್ಟಳೇ ಹೊರತು ಅವಳಿಗೆ ನೆಮ್ಮದಿಯಾಗಲಿಲ್ಲ. ಮುದ್ದೆಗೆ ಎಸರಿಟ್ಟು ಕೊಟ್ಟಿಗೆಗೆ ಹೋಗುವಳು. ಮರಿಯನ್ನು ನೋಡಿ ಸಿಟ್ಟು ಬರುವುದು. ಒಳಗೆ ಬಂದರೆ, ಗಂಡನಿಲ್ಲದ ಮೊದಲ ವರ್ಷ ಲಗಾಮು ಹಿಡಿಯಲು ಕಲಿಸಿಕೊಟ್ಟವನು ಇದೇ ಲಕ್ಕಪ್ಪ ಎಂಬುದು ನೆನಪಾಗುವುದು.

ಸೊಸೆ ದಿವ್ಯಾ ಬೇಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ತರಬೇತಿಗೆಂದು ಹಾಸನಕ್ಕೆ ಹೋಗಿದ್ದವಳು ಬಂದು ಎಲ್ಲ ಕೇಳಿ, ತಾಯಿ ಕುದುರೆಯ ಮೂತಿ ಸವರಿದಳು.

“ಅತ್ತೆ, ಇದು ಹುಟ್ಟಿದಾಗ ನೀವು ನೋಡಿದ್ರಾ?”

“ಇಲ್ಲ. ಕೊಂಡು ತಂದಾಗ್ಲೇ ಬೆಳ್ಳಗಿತ್ತು.”

“ಮೂತಿ ಚರ್ಮ ನೋಡಿ, ಕಪ್ಪು. ಇದೂ ಹುಟ್ಟುವಾಗ ಕಪ್ಪೋ ಕೆಂಪೋ ಇದ್ದು, ಬರ್ತಾ ಬರ್ತಾ ನರೆತಿರೋದು. ಕೂದಲು ನರೆಸೋಕೆ ಒಂದು ಜೀನ್ ಇರುತ್ತೆ.”

“ಹಂಗಾದ್ರೆ ಮರೀನೂ ಬೆಳ್ಳಗಾಗ್ತೈತಾ?”

“ಹೇಳಕ್ಕಾಗಲ್ಲ. ಜೀನ್ ಇರೋದು ಜೋಡೀಲಿ, ತಾಯಿ ಕೊಟ್ಟಿದ್ದೊಂದು, ತಂದೆ ಕೊಟ್ಟಿದ್ದೊಂದು. ನರೆಸೋ ಜೀನ್ ಪ್ರಬಲ, ಜೋಡೀಲಿ ಒಂದಿದ್ರೂ ಕುದುರೆ ಬೆಳ್ಳಗಾಗುತ್ತೆ. ನರೆಸದೇ ಇರೋದು ದುರ್ಬಲ, ಪ್ರಬಲದ್ದು ಪಕ್ಕದಲ್ಲಿದ್ರೆ ಅದು ಇರೋದೇ ಗೊತ್ತಾಗಲ್ಲ. ಎರಡು ಕುದುರೇಲೂ ಅದು ಅಡಗಿದ್ದು, ಎರಡೂ ಅದನ್ನೇ ಮರಿಗೆ ಕೊಟ್ಟಿದ್ರೆ, ಇದು ಕೊನೇವರೆಗೂ ಕೆಂದೇ.”

“ಮತ್ತೆ ಲಕ್ಕಪ್ಪ…”

“ಬೆಳ್ಳಗಾದ್ರೂ ಲಕ್ಕಪ್ಪ ಮಾವನ ಕುದುರೆದೇ ಇರಬಹುದು, ಆಗದಿದ್ರೂ ಇರಬಹುದು. ಬಣ್ಣ ನೋಡಿ ಅವರನ್ನ ಸುಳ್ಳ ಅನ್ನೋ ಹಂಗಿಲ್ಲ.”

ವೆಂಕಟಲಕ್ಷ್ಮಮ್ಮ ಮಾರನೆಯ ಬೆಳಗ್ಗೆ ಬಸ್ಸು ಹತ್ತಿದಳು. ಹಾರನಹಳ್ಳಿಯಲ್ಲಿ ಲಕ್ಕಪ್ಪ ಅಂಗಳದಲ್ಲಿ ಕುದುರೆಯ ಮೈ ಉಜ್ಜುತ್ತಿದ್ದ. ಅವಳು ನಿಂತಲ್ಲೇ, ತಡವರಿಸುತ್ತಾ, ಸೊಸೆ ಹೇಳಿದ್ದನ್ನೆಲ್ಲ ಹೇಳಿದಳು.

ಅವನು ಕೈ ನಿಲ್ಲಿಸಲಿಲ್ಲ. “ನಾನು ಆಣೆ ಇಟ್ಟಾಗ ನಂಬ್ಲಿಲ್ಲ. ಸೊಸೆ ಜೀನು ಗೀನು ಅಂದ್ಮೇಲೆ ನಂಬಿದೆ. ಅಲ್ವಾ ಅಕ್ಕ?”

“ತಪ್ಪಾಯ್ತು ಕಣಪ್ಪ.”

“ಊಟ ಮಾಡ್ಕೊಂಡು ಹೋಗು,” ಎಂದು ತೋಟದ ಕಡೆ ಹೊರಟುಬಿಟ್ಟ. ಲಕ್ಕಪ್ಪನ ಹೆಂಡತಿ ಬಡಿಸಿದ ಅನ್ನವನ್ನು ಅರ್ಧ ಉಂಡು, ಅವಳು ಬಸ್ಸಿಗೆ ಹೊರಟಳು.

ಆಮೇಲಿನ ತಿಂಗಳುಗಳಲ್ಲಿ ಅವಳು ಮರಿಯ ಕಣ್ಣಿನ ಸುತ್ತ ಬಿಳಿ ಕೂದಲು ಹುಡುಕಿದ್ದೇ ಹುಡುಕಿದ್ದು. ನರೆಯುವುದಿದ್ದರೆ ಅಲ್ಲಿಂದಲೇ ಶುರುವಂತೆ. ಮರಿಯ ಹಳೇ ಕೂದಲು ಉದುರಿತು. ಒಳಗಿಂದ ಬಂದದ್ದು ಇನ್ನಷ್ಟು ಕೆಂಪು. ಹುಡುಕುವುದನ್ನು ಬಿಟ್ಟಳು. ಫೋನು ಬಡಿದುಕೊಂಡಾಗಲೆಲ್ಲ ಮಾತ್ರ ಲಕ್ಕಪ್ಪನೇನೋ ಎಂದು ಓಡಿ ಬರುವಳು.

ದೀಪಾವಳಿ ಕಳೆದ ಮೇಲೆ ಲಕ್ಕಪ್ಪ ಹೇಳದೆ ಕೇಳದೆ ಬಂದ. ಹೆಗಲ ಮೇಲೆ ಹೊಸ ಹಗ್ಗ. ಅವಳನ್ನು ಮಾತಾಡಿಸದೆ ನೇರ ಕೊಟ್ಟಿಗೆಗೆ ಹೋಗಿ, ಮರಿಯ ಕಿವಿ ಹಿಂದೆ ತುರಿಸಿ, ಮೂತಿಗೆ ಹಗ್ಗ ಕಟ್ಟಿದ.

“ಇದು ಬೆಳ್ಳಗಾಗಲ್ಲ ಬಿಡು.”

“ಆಗದಿದ್ರೆ ಬೇಡ.”

“ಹಗ್ಗಕ್ಕೆ ಈಗಲೇ ಪಳಗಿಸ್ಬೇಕು. ನೀನು ಅತ್ಲಾಗೆ ಸರಿ.”

ಅವನು ಮರಿಯನ್ನು ಹೊಲದ ಬದುವಿನಲ್ಲಿ ನಡೆಸತೊಡಗಿದ. ಮರಿ ಎಳೆದಾಡಿತು, ಅವನು ಬಯ್ದ. ಕಾಫಿಗೆ ಇಡಲು ಒಳಗೆ ಹೋಗಬೇಕೆಂದುಕೊಂಡಳು ವೆಂಕಟಲಕ್ಷ್ಮಮ್ಮ. ಹೋದರೆ ಅಷ್ಟರಲ್ಲಿ ಅವನು ಹೊರಟುಬಿಟ್ಟಾನೆಂಬ ಭಯಕ್ಕೆ ಬೇಲಿ ಹಿಡಿದು ಅಲ್ಲೇ ನಿಂತಳು.